ಎಂಟರ್ ಒತ್ತಿದ ದಿನ

ನಮ್ಮ ಹತ್ತಿ ಮಂಡಿಗೆ ಕಂಪ್ಯೂಟರ್ ಬಂದಾಗ ಸಾವ್ಕಾರ್ರು, "ಕಲ್ತು ಬಾರವ್ವಾ, ಈ ಕುರ್ಚಿ ನಿಂದ" ಅಂದರು. ಕೂದಲು ನೆರೆತ ನಾನು ಆಂಧ್ರದ ಗಡಿಯಲ್ಲಿರುವ ನಮ್ಮೂರು ಆದೋನಿಯಲ್ಲೇ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಕಲಿಸುವ ಮೇಡಂ ಗುಂಟೂರು ಕಡೆಯ ತೆಲುಗಿನವರು. ಕನ್ನಡ ಮನೆಮಾತಿನ ನಮಗೆ ತೆಲುಗು ಬಂದರೂ ಹಟ ಹಿಡಿದು ಕನ್ನಡದಲ್ಲೇ ಮಾತಾಡೋರು. ನಾನು ಹತ್ತಿ ಬಿಡಿಸೋರ ಹಾಗೆ ಕೀಬೋರ್ಡಿನ ಮೇಲೆ ಬಗ್ಗುತ್ತಿದ್ದೆ. "ಬಗ್ಗಬ್ಯಾಡ್ರಿ, ಬೆನ್ನು ನೆಟ್ಟಗ!" ಅನ್ನುವುದೇ ಅವರಿಗೆ ಕೆಲಸ.

ಪರೀಕ್ಷೆಯ ದಿನ ನನ್ನ ಕೈಗಳ ಮೇಲೆ ಟವಲ್ ಹೊದಿಸಿ, ನೋಡದೆ ಊರಿನ ಹೆಸರು ಟೈಪ್ ಮಾಡಿಸಿದರು. ಕೊನೆಗೆ, "ಈಗ ಎಂಟರ್ ನೆಕ್ಕ್ರಿ!" ಅಂದರು.

ಕ್ಲಾಸೆಲ್ಲ ಗೊಳ್ಳೆಂದಿತು. ಒತ್ತು ಅನ್ನುವುದಕ್ಕೆ ತೆಲುಗಿನಲ್ಲಿ ನೊಕ್ಕು. ಮೇಡಂ ಅದನ್ನೇ ಕನ್ನಡ ಮಾಡಿದ್ದರು. ನಾನು ಕತ್ತು ಅಲುಗಿಸದೆ ಕೇಳಿದೆ: "ಮೇಡಂ, ಬಗ್ಗಬ್ಯಾಡ ಅಂತೀರಿ. ನೆಟ್ಟಗ ಕುಂತು ಹ್ಯಾಂಗ್ರೀ ನೆಕ್ಲಿ?"

ಅರ್ಥ ಹೇಳಿದ ಮೇಲೆ ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಕಿರುಬೆರಳಿನಿಂದ ಎಂಟರ್ ಒತ್ತಿದೆ. ಪರದೆಯ ಮೇಲೆ ಆದೋನಿ ನಿಂತಿತ್ತು, ಒಂದಕ್ಷರವೂ ತಪ್ಪಿರಲಿಲ್ಲ.

ಆ ಕುರ್ಚಿಯಲ್ಲಿ ಈಗ ನಾನೇ. ಮೇಡಂ ಅವತ್ತೇ ತಮ್ಮ ಕನ್ನಡ ತಿದ್ದಿಕೊಂಡರು. ನಮ್ಮ ಮಂಡಿಯಲ್ಲಿ ಮಾತ್ರ, ಈ ಕತೆ ಕೇಳಿದ ಸಾವ್ಕಾರ್ರು ಗಿರಾಕಿಗಳ ಮುಂದೆಯೇ, "ಬಿಲ್ ಬರಬೇಕು, ಜಲ್ದಿ ನೆಕ್ಕವ್ವಾ" ಅಂತಾರೆ.