ಮೂವತ್ತೊಂದನೇ ನಂಬರಿನ ರಕ್ತ

ದೆವ್ವ, ಪ್ರೇತ ಎಂದು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮ ಸೋದರತ್ತೆ ಚಾರ್ಮಾಡಿ ಘಾಟಿಯಲ್ಲಿ ಲಾರಿಗೆ ಕೈ ಅಡ್ಡ ಹಿಡಿಯುವ ಬಿಳಿ ಸೀರೆಯವಳ ಕಥೆ ಶುರು ಮಾಡಿದರೆ, "ಅವಳ ಹಿಮೋಗ್ಲೋಬಿನ್ ಎಷ್ಟಿತ್ತು ಅತ್ತೆ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಮೂಡಿಗೆರೆಯ ಲ್ಯಾಬೊಂದರಲ್ಲಿ ಟೆಕ್ನೀಷಿಯನ್ ಆಗಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಟ್ಯೂಬಿನಲ್ಲಿ ಇರುವುದು ಇದೆ, ಇಲ್ಲದ್ದು ಇಲ್ಲ, ಇಷ್ಟೇ ನನ್ನ ವೇದಾಂತ. ಆದ್ದರಿಂದ ಈಗ ಹೇಳಲು ಹೊರಟಿರುವುದನ್ನು ನೀವು ನಂಬಬೇಕೆಂಬ ಹಟ ನನಗಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಕೆಲವು ವರ್ಷಗಳ ಹಿಂದೆ ದೂರದ ನಗರದ ಒಂದು ದೊಡ್ಡ ಸಂಸ್ಥೆ ಮಲೆನಾಡಿನ ಜನರ ರಕ್ತ ಸಂಗ್ರಹಿಸಲು ನನ್ನನ್ನು ಗೊತ್ತು ಮಾಡಿತು. ಬಯೋಬ್ಯಾಂಕ್ ಮಾಡುತ್ತಿದ್ದಾರೆ ಎಂದರು. ಜನರ ರಕ್ತ, ಎಂಜಲು, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರು ಮುಂತಾದುವನ್ನು ಮುಂದೆಂದೋ ನಡೆಯುವ ಸಂಶೋಧನೆಗಾಗಿ ವರ್ಷಗಟ್ಟಲೆ ಫ್ರೀಜರಿನಲ್ಲಿ ಇಡುವ ಜಾಗ ಅದು. ಇವರಿಗೆ ಬೇಕಾಗಿದ್ದದ್ದು ಹೃದಯದ ಕಾಯಿಲೆಯ ಬಗ್ಗೆ. ಒಳ್ಳೆಯ ಕೆಲಸವೇ. ಇಂಥ ಕಡೆಯಿಂದಲೇ ಹೊಸ ಔಷಧಿಗಳು ಬರುತ್ತವೆ ಎಂಬುದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೊದಲ ಸಂಗ್ರಹ. ಎಸ್ಟೇಟಿನಲ್ಲಿ ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಹತ್ತಿರ ಆಳುಗಳೆಲ್ಲ ನಿಲ್ಲುತ್ತಾರೆ, ಲೆಕ್ಕ ಬರೆಯುವ ರೈಟರ್ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಅದೇ ಪಟ್ಟಿ, ಅದೇ ನಂಬರು ನನಗೂ ಅನುಕೂಲವಾಯಿತು. ಹೆಸರು ಕರೆದಂತೆ ಒಬ್ಬೊಬ್ಬರೇ ಸ್ಟೋರ್ ರೂಮಿನೊಳಗೆ ಬಂದು ಹೆಬ್ಬೆಟ್ಟು ಒತ್ತಿ ತೋಳು ಚಾಚುತ್ತಿದ್ದರು. ಒಪ್ಪಿಗೆ ಪತ್ರ ಎಂಟು ಪುಟವಿತ್ತು. ಅದರ ಆರನೇ ಪುಟದಲ್ಲಿ, ಕೊಟ್ಟವರಿಗೆ ವೈಯಕ್ತಿಕವಾಗಿ ಯಾವ ಫಲಿತಾಂಶವನ್ನೂ ತಿಳಿಸಲಾಗುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿತ್ತು. ನಾನು ಅದನ್ನು ಓದಿ ಹೇಳಲಿಲ್ಲ. ಹೇಳಿದ್ದರೆ ಯಾರು ತೋಳು ಕೊಡುತ್ತಿದ್ದರು? "ಏನಾದ್ರೂ ಇದ್ರೆ ತಿಳಿಸ್ತೀವಿ" ಎಂದು ಎಲ್ಲರ ಮೂಗಿಗೂ ತುಪ್ಪ ಸವರಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೂವತ್ತೊಂದನೇ ನಂಬರಿನವಳು ಸುಶೀಲ. ನಲವತ್ತರ ಆಸುಪಾಸಿನ, ತೆಳ್ಳಗಿನ ಹೆಂಗಸು. ಅವಳ ಮೊಣಕೈಯ ಹಿಂದೆ ಹಳದಿ ಬಣ್ಣದ ಗಂಟುಗಳಿದ್ದವು, ಕಡಲೆಕಾಳಿನ ಗಾತ್ರದವು. ನೋವಿದೆಯಾ ಎಂದು ಕೇಳಿದೆ, ಇಲ್ಲ ಎಂದಳು. ಅಷ್ಟಕ್ಕೇ ಬಿಟ್ಟೆ. ಆದರೆ ಅವಳು ಬಿಡಲಿಲ್ಲ.

"ಮೇಡಂ, ನಮ್ಮವ್ವ ಹಣ್ಣು ಕುಯ್ತಾ ಕುಯ್ತಾನೇ ಬಿದ್ದೋದ್ಳು. ಆಮೇಲೆ ನನ್ನ ಅಣ್ಣನೂ ಹಂಗೇ. ಯಾರ್ದೋ ಮಾಟ ಅಂತಾರೆ. ನಂಗೆ ನಂಬ್ಕೆ ಇಲ್ಲ. ರಕ್ತದಲ್ಲಿ ಏನೋ ಐತೆ ಅಂತ ನಂಗೆ ಅನ್ಸುತ್ತೆ. ನಂಗೊಬ್ಳು ಮಗಳಿದಾಳೆ, ಅದಕ್ಕೇ ಕೇಳ್ತಿರೋದು. ರಿಪೋರ್ಟ್ ಬಂದ್ರೆ ನಂಗೆ ಹೆಂಗೆ ಗೊತ್ತಾಗುತ್ತೆ?"

"ಹಾಜರಿಲಿ ಹೆಸ್ರು ಕರೀತೀನಿ" ಎಂದೆ.

"ಕರೀರಿ ಮೇಡಂ. ಬಂದೇ ಬರ್ತೀನಿ."

ಓದಿದ ನನಗಿಂತ ಆ ಹೆಂಗಸಿಗೆ ಹೆಚ್ಚು ವಿಜ್ಞಾನ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಇನ್ನೂ ಮೂವತ್ತು ಜನ ಬಾಕಿ ಇದ್ದಾರಲ್ಲ ಎಂದು ಮಾತ್ರ.

ಎರಡು ವರ್ಷ ಕಳೆಯಿತು. ಸುಶೀಲ ಎರಡು ಮೂರು ಸಲ ಎಸ್ಟೇಟಿನ ಜೀಪಿನವನ ಕೈಲಿ ಕೇಳಿಸಿದಳು. ನಾನು ಸಂಸ್ಥೆಗೆ ಬರೆದೆ. ಮಾದರಿಗಳು ಭವಿಷ್ಯದ ಅಧ್ಯಯನಕ್ಕೆ ಮೀಸಲು, ಈಗ ತೆರೆಯುವ ಪ್ರಶ್ನೆಯೇ ಇಲ್ಲ ಎಂದು ಬಹಳ ಮರ್ಯಾದೆಯಿಂದ ಉತ್ತರ ಬಂತು. ಅಂದರೆ ಆ ಟ್ಯೂಬನ್ನು ಒಬ್ಬರೂ ನೋಡಿರಲಿಲ್ಲ. ನಮ್ಮ ದೇಶದಲ್ಲಿ ಇಂಥ ಫ್ರೀಜರುಗಳು ಈಗ ಎಷ್ಟೋ ಇವೆ. ಸಮಿತಿಗಳಿವೆ, ಮಾರ್ಗಸೂಚಿಗಳಿವೆ, ಗೋಡೆಗೆ ಹಾಕಿದ ಪ್ರಮಾಣಪತ್ರಗಳಿವೆ. ಆದರೆ ಒಳಗಿರುವ ರಕ್ತ ಯಾರದೋ ಅವರು ಯಾರ ಬಾಗಿಲು ತಟ್ಟಬೇಕು ಎಂದು ಬರೆದ ಒಂದು ಕಾಗದವೂ ಆಳುಗಳಿಗೆ ಎಸ್ಟೇಟು ಕೊಡುವ ಲೈನ್ ಮನೆಗಳವರೆಗೆ ಬಂದದ್ದನ್ನು ನಾನು ಕಂಡಿಲ್ಲ. ಸುಶೀಲಳಿಗೆ ನಾನು "ಬರುತ್ತೆ, ಸ್ವಲ್ಪ ತಡೀರಿ" ಎಂದು ಹೇಳಿ ಕಳಿಸುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಪೀಡೆ ತಪ್ಪಿತು ಎಂದುಕೊಂಡದ್ದೂ ನಿಜ.

ಅಷ್ಟರಲ್ಲಿ ಆ ಸಂಸ್ಥೆಯಲ್ಲಿ ಸಾಲು ರಜೆಯ ಸಮಯದಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಒಂದು ಫ್ರೀಜರು ಕರಗಿಹೋಯಿತು. ನಮ್ಮ ಎಸ್ಟೇಟಿನ ಟ್ಯೂಬುಗಳೆಲ್ಲ ಅದರಲ್ಲೇ ಇದ್ದದ್ದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹಾಗೆ ಇವರು ಹೊಸ ಜನರೇಟರು ತರಿಸಿದರು. ನನಗೆ ಫೋನು ಮಾಡಿ, ಅದೇ ಜನರಿಂದ ಮತ್ತೊಮ್ಮೆ ರಕ್ತ ತೆಗೆಯಿರಿ ಎಂದರು. ಕ್ಷಮಿಸಿ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಕುಯ್ಲಿನ ಸಮಯ, ಬೆಳಿಗ್ಗೆ ಎಂಟು ಗಂಟೆ. ಕಣದ ತುಂಬ ಬಿಸಿಲಿತ್ತು. ರೈಟರ್ ವಸ್ತಾರೆ ಕಡೆಯವರು, ಹೊಸಬರು, ಆಳುಗಳ ಮುಖಪರಿಚಯ ಇನ್ನೂ ಆಗಿರಲಿಲ್ಲ. ಮೇಸ್ತ್ರಿ ರಾಮಪ್ಪ ದೂರದಲ್ಲಿ ಕುಯ್ಲಿನವರಿಗೆ ಸಾಲು ಹಂಚುತ್ತಿದ್ದ. ನಾನು ಸ್ಟೋರ್ ರೂಮಿನೊಳಗೆ ಕೂತು ನನ್ನ ಹಳೆಯ ಪಟ್ಟಿ ನೋಡಿ ಕರೆಯುತ್ತಾ ಹೋದೆ. ಬಾಗಿಲಿಗೆ ಒಂದು ಪರದೆ ಕಟ್ಟಿದ್ದರು.

"ಮೂವತ್ತೊಂದು, ಸುಶೀಲ."

ಅವಳು ಬಂದು ಸ್ಟೂಲಿನ ಮೇಲೆ ಕೂತಳು. ತುಂಬಾ ಬಡವಾಗಿದ್ದಳು. ನಾಚಿಕೆಯಿಂದ ನಾನು ಮುಖ ಎತ್ತಿ ಹೆಚ್ಚು ನೋಡಲಿಲ್ಲ, ತೋಳನ್ನೇ ನೋಡಿದೆ. ಹಳದಿ ಗಂಟುಗಳು ಮೊದಲಿಗಿಂತ ದೊಡ್ಡವಾಗಿದ್ದವು. ಕೈ ತಣ್ಣಗಿತ್ತು, ಆದರೆ ಚಳಿಗಾಲದ ಬೆಳಿಗ್ಗೆ ಅಲ್ಲಿ ಎಲ್ಲರ ಕೈಯೂ ತಣ್ಣಗಿರುತ್ತದೆ. ನರ ಸುಲಭವಾಗಿ ಸಿಕ್ಕಿತು.

"ಹಿಂದಿನ್ದು ಏನಾಯ್ತು ಮೇಡಂ?"

"ಬರುತ್ತೆ ಸುಶೀಲ. ಈ ಸಲ ಖಂಡಿತ ಬರುತ್ತೆ."

"ಮಗಳಿಗೆ ಹೇಳಿ" ಎಂದಳು.

ಹೆಬ್ಬೆಟ್ಟು ಒತ್ತಿ ಎದ್ದು ಹೋದಳು. ನಾನು ಟ್ಯೂಬಿಗೆ ಚೀಟಿ ಅಂಟಿಸಿ ಮೂವತ್ತೆರಡನ್ನು ಕರೆದೆ. ಇದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ. ಸುಳ್ಳು ಹೇಳಿದೆನಲ್ಲ ಎಂಬ ಕಸಿವಿಸಿ ಇತ್ತು ಅಷ್ಟೆ.

ಕೆಲಸ ಮುಗಿದು ಟೀ ಕುಡಿಯುವಾಗ ರಾಮಪ್ಪನಿಗೆ, ಸುಶೀಲ ತುಂಬಾ ಸೊರಗಿದ್ದಾಳಲ್ಲ ಎಂದೆ. ಅವನು ಲೋಟ ಕೆಳಗಿಟ್ಟ.

"ಯಾವ ಸುಶೀಲ? ಅವ್ಳು ಹೋದ ಕುಯ್ಲಲ್ಲೇ ಸತ್ತೋದ್ಳಲ್ಲ ಮೇಡಂ. ಅವ್ಳವ್ವನ ಥರಾನೇ, ಗಿಡದ ಬುಡದಲ್ಲೇ. ಹೆಸ್ರು ಪುಸ್ತಕದಲ್ಲಿ ಹಂಗೇ ಬಿಟ್ಟಿದೀವಿ. ತೆಗೆದ್ರೆ ಲೈನ್ ಮನೆ ಬಿಡ್ಬೇಕಾಗುತ್ತೆ, ಪಾಪ. ಮಗಳು ಕವಿತ ಆ ಹೆಸ್ರಲ್ಲೇ ಕೆಲ್ಸಕ್ಕೆ ಬರ್ತಾಳೆ. ಬಂದಿದ್ದು ಅವ್ಳೇ ಇರ್ಬೇಕು, ಬಿಡಿ."

ಎಸ್ಟೇಟುಗಳಲ್ಲಿ ಹೀಗೆ ಮಾಡುತ್ತಾರೆ. ಸತ್ತವರ ಹೆಸರಿಗೆ ಮಗಳೋ ಸೊಸೆಯೋ ಹೂಂಗುಟ್ಟುತ್ತಾರೆ, ಮನೆ ಉಳಿಯುತ್ತದೆ. ನನಗೆ ಜೀವ ಬಂದಂತಾಯಿತು. ಮಗಳ ಮುಖ ತಾಯಿಯ ಹಾಗೇ ಇದ್ದಿರಬೇಕು, ನಾನು ಸರಿಯಾಗಿ ನೋಡಲೂ ಇಲ್ಲವಲ್ಲ. ಆದರೂ ಅವನನ್ನು ಕರೆದುಕೊಂಡು ಲೈನಿಗೆ ಹೋದೆ.

ಕವಿತ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಇಪ್ಪತ್ತು ವರ್ಷವಿರಬಹುದು. ಗುಂಡು ಮುಖ, ತಾಯಿಯ ಹೋಲಿಕೆ ಏನೂ ಇಲ್ಲ.

"ನಾ ಇವತ್ತು ಕಣಕ್ಕೇ ಬರ್ಲಿಲ್ಲ. ನೀವು ಬರ್ತೀರಿ ಅಂತ ಗೊತ್ತಾಗೇ ಬರ್ಲಿಲ್ಲ. ನಮ್ಮಮ್ಮಂಗೆ ಕೊಡದ ರಿಪೋರ್ಟು ನಂಗೆ ಕೊಡ್ತೀರಾ?" ಎಂದವಳೇ ಎರಡೂ ತೋಳು ಚಾಚಿ ತೋರಿಸಿದಳು. ಸೂಜಿಯ ಗುರುತಿಲ್ಲ. ಹಳದಿ ಗಂಟೂ ಇಲ್ಲ.

ವಾಪಸ್ಸು ಬಂದು ಮೂವತ್ತೆರಡನೇ ನಂಬರಿನ ಮುದುಕಿಯನ್ನು ಕೇಳಿದೆ. ಅವಳು ಪರದೆಯ ಹೊರಗೇ ನಿಂತಿದ್ದವಳು. "ನೀವು ಹೆಸ್ರು ಕರೆದ್ರಿ, ಯಾರೂ ಒಳಗೆ ಹೋಗ್ಲಿಲ್ಲ. ದಿನಾ ಹಾಜರಿಲಿ ಕರೆಯೋ ಹೆಸ್ರೇ ಅಲ್ವಾ ಅಂತ ನಾವೂ ಸುಮ್ನಿದ್ವಿ. ಒಂದ್ ಗಳಿಗೆ ನೀವೊಬ್ರೇ ಏನೋ ಮಾತಾಡ್ತಿದ್ರಿ. ಫೋನಲ್ಲಿರ್ಬೇಕು ಅಂದ್ಕೊಂಡೆ."

ಐಸ್ ಬಾಕ್ಸ್ ತೆರೆದು ನೋಡಿದೆ. ಮೂವತ್ತು ಮತ್ತು ಮೂವತ್ತೆರಡರ ನಡುವೆ ಮೂವತ್ತೊಂದು ಇತ್ತು. ತುಂಬಿತ್ತು.

ಅದನ್ನು ತೆರೆಯುವ ಹಕ್ಕು ನನಗಿರಲಿಲ್ಲ. ಮೂಡಿಗೆರೆಗೆ ಬಂದು ತೆರೆದೆ. ಎಲ್ಲರ ಲ್ಯಾಬಿನಲ್ಲೂ ಮಾಡುವ ಮಾಮೂಲಿ ಕೊಲೆಸ್ಟರಾಲ್ ಪರೀಕ್ಷೆ ಮಾಡಿದೆ. ಮೆಷಿನ್ನು ಕೆಟ್ಟಿದೆಯೇನೋ ಎನ್ನುವಷ್ಟು ಹೆಚ್ಚು ಬಂತು. ಎರಡನೇ ಸಲವೂ ಅಷ್ಟೇ. ಪಕ್ಕದ ನಂಬರುಗಳೆರಡೂ ಸರಿಯಾಗಿದ್ದವು. ಪರಿಚಯದ ಡಾಕ್ಟರಿಗೆ ಆ ಗಂಟುಗಳ ವಿಷಯ ಹೇಳಿದೆ. "ವಂಶದಲ್ಲಿ ಬರೋದು. ಆ ಗಂಟು ನೋಡಿದ್ರೇ ಗೊತ್ತಾಗ್ಬೇಕು. ದಿನಾ ಮಾತ್ರೆ ತಗೊಂಡಿದ್ರೆ ಬಹುಶಃ ಬದುಕಿರೋಳು" ಎಂದರು. ಅವತ್ತು ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ. ಹೆದರಿಕೆಯಿಂದ ಅಲ್ಲ. ಎರಡು ವರ್ಷದ ಹಿಂದೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮಾಡಿ ಮುಗಿಸಬಹುದಾಗಿದ್ದ ಪರೀಕ್ಷೆ ಅದು.

ಮಾರನೇ ದಿನ ಹೋಗಿ ಕವಿತಳ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿಕೊಂಡು ಅವಳ ರಕ್ತ ತಂದೆ. ಅವಳಿಗೂ ಅದೇ ಇತ್ತು. ಗಂಟು ಏಳಲು ಇನ್ನೂ ಕಾಲ ಬಂದಿರಲಿಲ್ಲ ಅಷ್ಟೆ. ಈಗ ಸರ್ಕಾರಿ ಆಸ್ಪತ್ರೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಚೆನ್ನಾಗಿದ್ದಾಳೆ.

ಟ್ಯೂಬುಗಳನ್ನೆಲ್ಲ ಕಳಿಸಿದ ಮೇಲೆ, ಮೂವತ್ತೊಂದನೇ ನಂಬರನ್ನು ಪಟ್ಟಿಯಿಂದ ತೆಗೆಯಿರಿ, ಆಕೆ ಹೋದ ವರ್ಷವೇ ತೀರಿಕೊಂಡಿದ್ದಾಳೆ ಎಂದು ಸಂಸ್ಥೆಗೆ ಬರೆದೆ. ಟ್ಯೂಬು ಚೆನ್ನಾಗಿದೆ, ಒಪ್ಪಿಗೆ ಪತ್ರದಲ್ಲಿ ಹೆಬ್ಬೆಟ್ಟು ಇದೆ, ತೆಗೆಯಲು ಕಾರಣವಿಲ್ಲ ಎಂದು ಉತ್ತರ ಬಂತು. ಅವರಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಹಳೆಯ, ಹೊಸ ಎರಡೂ ಒಪ್ಪಿಗೆ ಪತ್ರಗಳನ್ನು ನಾನು ಪಕ್ಕದಲ್ಲಿಟ್ಟು ನೋಡಿದ್ದೇನೆ. ಎರಡರ ಹೆಬ್ಬೆಟ್ಟಿನಲ್ಲೂ ಕತ್ತಿ ತಾಗಿದ ಒಂದು ಓರೆ ಗೆರೆಯಿದೆ. ತೋಟದ ಆಳುಗಳಲ್ಲಿ ಅರ್ಧ ಜನರ ಬೆರಳಿನಲ್ಲಿ ಅಂಥ ಗೆರೆ ಇರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಬೇರೆ ಯಾರೋ ಅದೇ ಕಾಯಿಲೆಯವಳು ಬಂದಿರಬಹುದು, ಮುದುಕಿಯ ಕಣ್ಣು ಮಂಜಾಗಿರಬಹುದು, ನನ್ನ ಪಾಪಪ್ರಜ್ಞೆಗೆ ಮರುಳು ಹಿಡಿದಿರಬಹುದು. ಮರುಳಿಗೆ ಟ್ಯೂಬು ತುಂಬಲು ಬರುತ್ತದೆಯೇ ಎಂಬಲ್ಲಿಗೆ ಬಂದು ನನ್ನ ತರ್ಕ ನಿಂತುಬಿಡುತ್ತದೆ. ಆ ಕೆಲಸವನ್ನಂತೂ ಬಿಟ್ಟೆ.

ಸುಶೀಲಳ ರಿಪೋರ್ಟನ್ನು ನಾನೇ ಬರೆದು, ಸಹಿ ಹಾಕಿ ಕವಿತಳಿಗೆ ಕೊಡಲು ಹೋಗಿದ್ದೆ. ಅವಳು ಮುಟ್ಟಲಿಲ್ಲ.

"ಅದು ಅಮ್ಮಂದು. ಅಮ್ಮಂಗೇ ಕೊಡಿ" ಎಂದಳು.

ಆ ಕಾಗದ ಇವತ್ತಿಗೂ ನನ್ನ ಬ್ಯಾಗಿನಲ್ಲಿದೆ. ಹೇಗೆ ಕೊಡುತ್ತೇನೆಂದು ಹೇಳಿದ್ದೆನೋ ಅದು ಮರೆತಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಕಣಕ್ಕೆ ಹೋಗಿ ಹಾಜರಿಯಲ್ಲಿ ಹೆಸರು ಕರೆಯಬೇಕು. ಎರಡು ಸಲ ಕಣದವರೆಗೂ ಹೋಗಿ ಬಂದಿದ್ದೇನೆ. ಬಾಯಿ ತೆರೆಯಲು ಧೈರ್ಯ ಬರಲಿಲ್ಲ.