ತಿರುಪಿನಡಿ ಇಟ್ಟ ಕೈ

ಸತ್ಯವಾದಿನಿ, ಮಿತಭಾಷಿಣಿ, ಶುಚಿತ್ವವೇ ಮೈವೆತ್ತಂತಿದ್ದವಳು, ಹರಿದು ಬಂದ ಗ್ರಂಥವನ್ನು ಹಳಿಯದೆ ಬರಮಾಡಿಕೊಳ್ಳುವವಳು, ಹೊಲಿದ ದಾರದ ಗಂಟಿನಂತೆ ತನ್ನ ಹಿರಿಮೆಯನ್ನೂ ಒಳಗೇ ಅಡಗಿಸಿದವಳು, ದೈವಭೀರು: ಇಂಥವಳೊಬ್ಬಳು ಆ ಬೀದಿಯಲ್ಲಿದ್ದಳು. ಬಿಚ್ಚಿಹೋದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವುದು ಕಸುಬಾದ್ದರಿಂದ ಎಲ್ಲರೂ ಆಕೆಯನ್ನು ರಟ್ಟಕ್ಕ ಎನ್ನುತ್ತಿದ್ದರು.

ಅಂಥವಳಿಗೆ ತನ್ನ ಕೈಯನ್ನೇ ಕಂಡರೆ ಹೇಸಿಗೆಯಾಗತೊಡಗಿತು. ಎರಡೂ ಕೈಗಳ ಬೆರಳಗೆಣ್ಣುಗಳು ಒಂದೇ ಸಮನೆ ಊದಿ ಕೆಂಪೇರಿದ್ದವು. ಮುಟ್ಟಿದರೆ ಬಿಸಿ, ಒತ್ತಿದರೆ ನೆನೆದ ರಟ್ಟಿನಂತೆ ಮೆತ್ತಗೆ. ಬೆಳಗ್ಗೆ ಎದ್ದರೆ ಬಿಸಿಲು ಕಿಟಕಿಯಿಂದ ಮೇಜಿಗೆ ಇಳಿಯುವವರೆಗೂ ಬೆರಳು ಮಡಚವು, ಸೂಜಿ ನಿಲ್ಲದು. ಸೂಜಿ ಜಾರಿದರೆ ಕಸುಬು ಹೋಯಿತು. ಕಸುಬು ಹೋದರೆ ತಾನು ಯಾರೆಂಬುದೇ ಆಕೆಗೆ ತೋಚದು.

ಜೊತೆಗಿದ್ದ ನಾದಿನಿಗೆ ಮದ್ದಿನ ಹುಚ್ಚು. ಎಲ್ಲಿಂದಲೋ ಕಪ್ಪು ಎಣ್ಣೆ ತಂದು ಸವರಿದಳು. ಅದರ ಕೊಳೆತ ನಾತ ಅಂಟಿನ ಬೋಗುಣಿಗೆ, ಹಾಳೆಗೆ, ದಿಂಬಿಗೆ ಹತ್ತಿತು. ಮೂಗು ಮುಚ್ಚಲು ಕೈಯೆತ್ತಿದರೆ ನಾತವೇ ಮೂಗಿಗೆ ಬರುತ್ತಿತ್ತು.

ಕಡೆಗೆ ರಟ್ಟಕ್ಕ ತನ್ನ ಕಸುಬಿನವರಷ್ಟೇ ಮಾಡಬಲ್ಲ ತಪ್ಪು ಮಾಡಿದಳು. ಅಂಟು ಹಚ್ಚಿದ ಪುಸ್ತಕ ಉಬ್ಬಿದರೆ ಎರಡು ಹಲಗೆಗಳ ನಡುವೆ ಇಟ್ಟು ತಿರುಪು ಬಿಗಿಯುವುದು ರೂಢಿ. ತೇವ ಹಿಂಡಿಹೋಗಿ ಪುಸ್ತಕ ಚಪ್ಪಟೆಯಾಗುತ್ತದೆ. ಕೈಗೂ ಅದೇ ದಾರಿಯೆಂದು ಬಗೆದು, ಬಲಗೈಯನ್ನು ಹಲಗೆಗಳ ನಡುವೆ ಇಟ್ಟು ನಾದಿನಿಗೆ ಬಿಗಿಯಹೇಳಿದಳು. ತಿರುಪು ಒಂದು ಸುತ್ತು ತಿರುಗುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಕೈ ಬಿಡಿಸಿದಾಗ ಹಲಗೆಗೆ ಎಣ್ಣೆಯ ಜಿಡ್ಡೂ ಚರ್ಮದ ಸಿಪ್ಪೆಯೂ ಮೆತ್ತಿದ್ದವು. ಕಂಡು ಆಕೆ ವಾಕರಿಸಿದಳು.

ಮೂಳೆ ಮುರಿದಿರಬಹುದೆಂಬ ಅಂಜಿಕೆಯಿಂದ ನಾದಿನಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದಳು. ಮುರಿದಿರಲಿಲ್ಲ, ಆದರೆ ಎರಡೂ ಕೈಗಳ ಊತ ನೋಡಿದ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಫಲಿತಾಂಶ ಬಂದ ಮೇಲೆ ಇಬ್ಬರನ್ನೂ ಕರೆದಳು.

"ಯಾವ ಹುಳು ಹೊಕ್ಕಿದೆ, ಡಾಕ್ಟ್ರಮ್ಮಾ?" ಎಂದಳು ರಟ್ಟಕ್ಕ.

"ಹುಳು ಹೊಕ್ಕಿಲ್ಲಮ್ಮ. ರೋಗದ ಹುಳು ಕೊಲ್ಲೋಕೆ ಅಂತ ಮೈಯಲ್ಲೇ ಒಂದು ಪಡೆ ಇರುತ್ತೆ. ಅದು ನಿಮ್ಮ ಕೀಲಿನ ಒಳಪದರಾನೇ ಶತ್ರು ಅಂದ್ಕೊಂಡು ಮೇಲೆ ಬಿದ್ದಿದೆ. ಅದಕ್ಕೇ ಊತ, ಬಿಸಿ, ನೋವು. ಹಾಗೇ ಬಿಟ್ರೆ ಮೂಳೆನೂ ಸವೆಸುತ್ತೆ."

ರಟ್ಟಕ್ಕ ಮುಖ ಕಿವುಚಿದಳು. "ಥೂ. ಪುಸ್ತಕದ ಹುಳ ಆದ್ರೂ ಹಸಿವಿಗೆ ತಿನ್ನುತ್ತೆ."

"ಅಂದ್ರೆ ನನ್ನ ಎಣ್ಣೆದೇನೂ ತಪ್ಪಿಲ್ಲ," ಎಂದಳು ನಾದಿನಿ.

"ತಪ್ಪಿಲ್ಲ. ನಾತ ಇದೆ," ಎಂದಳು ವೈದ್ಯೆ.

ಒಳಪಡೆಯ ಆರ್ಭಟ ತಗ್ಗಿಸುವ ಗುಳಿಗೆ ವಾರಗಳು ಕಳೆದ ಮೇಲೆ ಕೆಲಸಕ್ಕೆ ಹತ್ತಿತು. ಊತ ಇಳಿಯಿತು, ಸೂಜಿ ನಿಂತಿತು. ರೋಗದಿಂದ ಆಗಲೇ ಸೊಟ್ಟಗಾಗಿದ್ದ ಒಂದು ಕಿರುಬೆರಳು ಮಾತ್ರ ನೆಟ್ಟಗಾಗಲಿಲ್ಲ. ಆ ಹಲಗೆಯನ್ನು ಎಷ್ಟು ತಿಕ್ಕಿದರೂ ಹೇಸಿಗೆ ಹೋಗದೆ ಒಲೆಗೆ ಹಾಕಿದಳು. ಮೈಯನ್ನು ಒಲೆಗೆ ಹಾಕುವಂತಿಲ್ಲವಲ್ಲ. ಗುಳಿಗೆ ನುಂಗುವಾಗಲೆಲ್ಲ "ಮನೆಹಾಳ್ರಾ, ಬಿದ್ಕೊಳ್ಳಿ" ಎಂದು ಒಳಗಿನವರನ್ನು ಗದರುತ್ತಾಳೆ.

ಆಕೆಯ ಕೀಲುಗಳಲ್ಲಿ ಶಾಂತಿ ನೆಲಸಲಿ. ನಾದಿನಿಯ ಎಣ್ಣೆಯ ವ್ಯಾಮೋಹ ತೀರಲಿ. ಆ ಮನೆಯ ಸೂಜಿಗೆ ದಾರವೂ ದಾರಕ್ಕೆ ಬೆರಳೂ ತಪ್ಪದಿರಲಿ. ಒಳಗಿನವರು ಒಳಗಿನವರನ್ನು ತಮ್ಮವರೆಂದು ಗುರುತಿಸಿ ಬಾಳುವಂತೆ ಭಗವಂತನು ಅನುಗ್ರಹಿಸಲಿ.