ಭಾವ ಮುಚ್ಚಿದ ಮಗ್ಗದ ಗುಂಡಿ

ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ಮೇಸ್ತ್ರಿ ಆಗಬೇಕೆಂದು ಬಾಯಿ ಬಿಡದವರಿರಲಿಲ್ಲ, ನನ್ನ ಗಂಡನ ಅಣ್ಣ ಒಬ್ಬರನ್ನು ಬಿಟ್ಟು. ರೇಷ್ಮೆ ಕೊಟ್ಟು ಸೀರೆ ನೇಯಿಸುತ್ತಿದ್ದ ಚಳ್ಳಕೆರೆಯ ಸಾಹುಕಾರರು ಮೊದಲು ಕೇಳಿದ್ದು ಆ ಭಾವನವರನ್ನೇ. ಬೀದಿಯ ಮಗ್ಗಗಳನ್ನೆಲ್ಲ ನೋಡಿಕೊಂಡು, ಯಾವ ಸೀರೆ ಒಪ್ಪಬೇಕು, ಯಾವುದು ಬೇಡ ಎಂದು ಹೇಳುವ ಕೆಲಸ.

"ನಂಗೆ ಮಗ್ಗದ ಗುಂಡೀನೇ ಸಾಕ್ರಿ. ನನ್ನ ತಮ್ಮನ್ನ ಮಾಡ್ರಿ, ಅವನ ಮಾತು ಜನ ಕೇಳ್ತಾರೆ" ಎಂದರಂತೆ.

ಹಾಗೆ ನನ್ನ ಗಂಡ ಮೇಸ್ತ್ರಿಯಾದರು. ಹೊಸ ರುಮಾಲು ಸುತ್ತಿಕೊಂಡು ಹೊರಟಾಗ "ರುಮಾಲು ಕಾಣ್ತೈತೆ, ತಲೆ ಎಲ್ಲೈತೆ?" ಎಂದು ನಾನು ರೇಗಿಸಿದೆ. ಅವರಿಗೆ ಲಾಳಿ ಹಿಡಿಯುವುದನ್ನು ಕಲಿಸಿದ ಭಾವನವರು ಮಾತ್ರ ನಗಲಿಲ್ಲ.

"ಲೇ, ಸೀರೆ ಯಾರ ಮನೇದು ಅಂತ ಕೇಳಬ್ಯಾಡ. ಕೇಳಿದ್ರೆ ನಿನ್ನ ನ್ಯಾಯ ಕೆಡ್ತೈತೆ" ಎಂದರು.

ನಮ್ಮವರಿಗೆ ಅಣ್ಣನ ಮಾತೆಂದರೆ ಮುಗಿಯಿತು. ಅಂದಿನಿಂದ ನಮ್ಮ ಬೀದಿಯಲ್ಲಿದ್ದ ಸಾಹುಕಾರರ ಅಂಗಡಿಯ ಜಗಲಿಯಲ್ಲಿ ಸೀರೆಗಳನ್ನು ಹೆಸರು ಹೇಳದೆ ರಾಶಿ ಹಾಕುವುದು ರೂಢಿಯಾಯಿತು. ತೀರ್ಪಾದ ಮೇಲೆ ನೇಯ್ದವನು ಎದ್ದು ತನ್ನದನ್ನು ಎತ್ತಿಕೊಳ್ಳಬೇಕು.

ಭಾವನವರ ಕಣ್ಣು ಮಂಜಾಗುತ್ತಿದ್ದದ್ದು ನಮಗೆ ತಿಳಿಯಲೇ ಇಲ್ಲ. ಹೆಂಡತಿ ತೀರಿಹೋಗಿದ್ದರು, ಒಂಟಿ ಜೀವ. ಗೋಡೆಯಾಚೆಯಿಂದ ಮಗ್ಗದ ಸದ್ದು ಬರುತ್ತಿತ್ತಲ್ಲ, ಚೆನ್ನಾಗಿದ್ದಾರೆ ಎಂದುಕೊಂಡೆವು. ಒಂದು ದಿನ ಜಗಲಿಯಲ್ಲಿ ಒಂದು ಸೀರೆಯ ಅಂಚು ನೋಡಿ ನಮ್ಮವರಿಗೆ ಸಿಟ್ಟು ಬಂತು. ಅಲ್ಲಲ್ಲಿ ಎಳೆ ತಪ್ಪಿತ್ತು, ಅಂಚು ಒಡಲಿಗೆ ಕೂಡಿರಲಿಲ್ಲ.

"ಇದನ್ನ ನೇಯ್ದೋನ್ನ ಮಗ್ಗದಿಂದ ಎಬ್ಬಿಸ್ರಿ" ಎಂದುಬಿಟ್ಟರು.

ಕಂಬಕ್ಕೆ ಒರಗಿ ಕೂತಿದ್ದ ಭಾವನವರು ಎದ್ದು ಬಂದು ಆ ಸೀರೆ ಮಡಿಚಿಕೊಂಡು ಹೋದರಂತೆ.

ನಮ್ಮವರು ಮನೆಗೆ ಬಂದು ತಟ್ಟೆ ಮುಂದೆ ಕೂತು ಅತ್ತರು. "ಅಣ್ಣನ ಕೈಯೇ ಇರ್ಲಿಲ್ಲ ಕಣೇ ಅದ್ರಾಗೆ. ಇದ್ದಿದ್ರೆ ನಂಗೆ ತಿಳೀತಿರ್ಲಿಲ್ವಾ?"

ಬೀದಿಗೋ ಸಂಭ್ರಮ. ಸ್ವಂತ ಅಣ್ಣನನ್ನೂ ಬಿಡದ ಮೇಸ್ತ್ರಿ ಎಂದು ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ ಹಾಡಿ ಹೊಗಳಿದರು. ಸಾಹುಕಾರರು ಶಾಲು ಹೊದಿಸಿದರು. ಎಲ್ಲರೂ ಮೈಯೆಲ್ಲ ಕಣ್ಣಾಗಿ ನೇಯತೊಡಗಿದರು. ಆ ಶಾಲನ್ನು ನಾನು ಮಡಿಚಿಡಲೂ ಇಲ್ಲ.

ಭಾವನವರು ಮಗ್ಗ ಬಿಚ್ಚಿ, ಕಾಲಿಳಿಬಿಟ್ಟು ಕೂತು ನೇಯುತ್ತಿದ್ದ ಗುಂಡಿಗೆ ತಾವೇ ಮಣ್ಣು ತುಂಬಿದರು. ನೇಕಾರ ಬದುಕಿರುವಾಗ ಅವನ ಗುಂಡಿ ಮುಚ್ಚುವುದು ನಮ್ಮಲ್ಲಿಲ್ಲ. ಸುದ್ದಿ ತಿಳಿದು ನಮ್ಮವರು ಹಾರೆ ಹಿಡಿದು ಓಡಿದರು, ನಾನೂ ಹಿಂದೆಯೇ ಹೋದೆ. ಅವರು ಅಗೆಯಲು ಬಗ್ಗಿದಾಗ ಭಾವನವರು ಬಂದು ಹಾರೆ ಹಿಡಿದುಕೊಂಡರು.

"ಬಿಡ್ರಿ ಮೇಸ್ತ್ರಿ. ಎಬ್ಬಿಸಿದೋನ್ನ ನೀವೇ ಮತ್ತೆ ಕೂರಿಸಿದ್ರೆ, ನಾಳೆ ನಿಮ್ಮ ಮಾತು ಯಾರು ಕೇಳ್ತಾರೆ?"

ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು.

ಮರುದಿನದಿಂದ ಭಾವನವರು ನಮ್ಮ ಮನೆಗೆ ಬಂದು ನನ್ನ ಪಕ್ಕದಲ್ಲಿ ರಾಟೆ ಹಾಕಿಕೊಂಡು ಕೂತರು. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು ನಮ್ಮಲ್ಲಿ ಹೆಂಗಸರ ಕೆಲಸ. "ಇದಕ್ಕೆ ಕಣ್ಣು ಬ್ಯಾಡ ಕಣಮ್ಮ, ಕೈ ಸಾಕು" ಎಂದು ನನ್ನನ್ನೇ ಸಮಾಧಾನ ಮಾಡಿದರು. ನಮ್ಮವರು ಒಳಗೆ ಬಂದರೆ ಮಾತ್ರ ಊರವರ ಹಾಗೆ ಎದ್ದು ನಿಲ್ಲುವರು.

ಒಂದು ದಿನ ನಮ್ಮವರಿಗೆ ತಡೆಯಲಾಗಲಿಲ್ಲ. ರುಮಾಲು ತೆಗೆದು ನೆಲಕ್ಕಿಟ್ಟು ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಒಂದ್ಸಲ ನನ್ನ 'ಲೇ' ಅನ್ನಣ್ಣ."

ಭಾವನವರು ತಡಕಾಡಿ ರುಮಾಲು ಎತ್ತಿದರು, ಧೂಳು ಕೊಡವಿದರು. ತಮ್ಮನ ತಲೆಯ ಮೇಲೆ ತಾವೇ ಇಟ್ಟರು.

"ಹೊತ್ತಾಯ್ತು, ಹೊರಡ್ರಿ ಮೇಸ್ತ್ರಿ" ಎಂದರು.